ಬೆರಳಿಗೆ ಮಾತ್ರೆ, ತೊಡೆಗೆ ಪೆಟ್ಟು

ಶೆಟ್ಟಿಹಳ್ಳಿ. ಮಾವ ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಈಚೆಗೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಸೊಸೆ ಅಕ್ಕನ ಮಗಳು; ಬೇರೊಂದು ಆಸ್ಪತ್ರೆಯಲ್ಲಿ ರೋಗಿಗಳ ಔಷಧ ಪಟ್ಟಿ ಪರಿಶೀಲಿಸುವ ಫಾರ್ಮಸಿಸ್ಟ್.

ಮಾವ: ಒಂದು ವಿಷಯ ನನಗೆ ಅರ್ಥ ಆಗ್ತಿಲ್ಲ ಕಣಮ್ಮ. ನೋವು ಇದ್ದಿದ್ದು ಕಾಲಿನ ಹೆಬ್ಬೆರಳಲ್ಲಿ. ಮಾತ್ರೆ ನುಂಗಿದ್ದು ಅದಕ್ಕೆ. ಕಸುವು ಹೋಗಿದ್ದು ತೊಡೇಲಿ. ಎಲ್ಲಿಂದ ಎಲ್ಲಿಗೆ?

ಸೊಸೆ: ಹೇಳ್ತೀನಿ ಮಾವ. ಮೊದಲು ನೀವು ಹೇಳಿ, ನಿಮಗೆ ಗೊತ್ತಾಗಿದ್ದು ಹೇಗೆ?

ಮಾವ: ಬಸ್ಸಲ್ಲಿ. ಜಾಲಹಳ್ಳಿ ಕ್ರಾಸಲ್ಲಿ ಬಸ್ ಹತ್ತೋಕೆ ಹೋದೆ, ಮೊದಲನೇ ಮೆಟ್ಟಲಿಗೆ ಕಾಲಿಟ್ಟರೆ ಮೈ ಮೇಲೇಳಲಿಲ್ಲ. ಕಂಬಿ ಹಿಡಕೊಂಡು ಮೈಯನ್ನ ಎಳಕೊಂಡೆ. ಆಮೇಲೆ ಕಕ್ಕಸಿನಲ್ಲಿ. ನಮ್ಮದು ಹಳೇ ಮನೆ, ಕುಕ್ಕರುಗಾಲಲ್ಲಿ ಕೂರೋದು. ಕೂತೆ, ಏಳೋಕೆ ಆಗಲಿಲ್ಲ. ಗೋಡೆ, ನಲ್ಲಿ, ಸಿಕ್ಕಿದ್ದು ಹಿಡಕೊಂಡು ಎದ್ದೆ. ನೋವು ಅಂದ್ರೆ ನೋವಿಲ್ಲ. ಕೈಬೆರಳು ಗಟ್ಟಿಯಾಗೇ ಇತ್ತು, ಅಂಗಿ ಗುಂಡಿ ಹಾಕ್ತಿದ್ದೆ, ನಲ್ಲಿ ತಿರುಗಿಸ್ತಿದ್ದೆ. ಆದರೆ ಒಗೆದ ಪಂಚೇನ ತಂತಿ ಮೇಲೆ ಹರವೋಕೆ ಕೈ ಭುಜದಿಂದ ಮೇಲಕ್ಕೆ ಹೋಗ್ತಿರಲಿಲ್ಲ.

ಸೊಸೆ: ಇಷ್ಟನ್ನ ಹೀಗೇ ಒಬ್ಬ ಡಾಕ್ಟರ ಮುಂದೆ ಹೇಳಿದ್ದರೆ ಅರ್ಧ ರೋಗ ಅಲ್ಲೇ ಪತ್ತೆ ಆಗ್ತಿತ್ತು. ಬೆರಳ ತುದಿ ಗಟ್ಟಿ. ಸೊಂಟ, ತೊಡೆ, ಭುಜ ಸೋತಿವೆ. ದೇಹದ ನಡುವಿಗೆ ಹತ್ತಿರ ಇರೋ ದೊಡ್ಡ ಸ್ನಾಯುಗಳಿಗೆ ಏಟು ಬಿದ್ದಾಗ ಹೀಗೇ ಆಗೋದು. ನೀವು ಹೇಳಲಿಲ್ಲ ಯಾಕೆ?

ಮಾವ: ಹೇಳಿದೆ. ಮನೇಲಿ ಹೇಳಿದೆ. ವಯಸ್ಸಾಯ್ತಲ್ಲ ಅಂದರು. ನನಗೂ ಹಾಗೇ ಅನ್ನಿಸ್ತು.

ಸೊಸೆ: ಆ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತೆ ಮಾವ. ಯುಗಾದಿಗೆ ಮಹಡಿ ಮೇಲೆ ಟ್ಯಾಂಕ್ ತೊಳೆದಿದ್ದ ಮನುಷ್ಯ ಆಷಾಢದಲ್ಲಿ ಕೂತ ಜಾಗದಿಂದ ಏಳಲಾರ ಅಂದ್ರೆ ಅದು ವಯಸ್ಸಲ್ಲ. ವಯಸ್ಸು ಅಷ್ಟು ಅವಸರದಲ್ಲಿ ಬರಲ್ಲ. ಕೆಲವೇ ವಾರದಲ್ಲಿ ಬಂದ ನಿಶ್ಶಕ್ತಿಗೆ ಏನೋ ಒಂದು ಕಾರಣ ಇದ್ದೇ ಇರುತ್ತೆ, ಹುಡುಕಬೇಕು. ಅದರಲ್ಲೂ ಮಾತ್ರೆ ಡಬ್ಬಿಯಲ್ಲಿ ಮೊದಲು ಹುಡುಕಬೇಕು.

ಮಾವ: ಸರಿ, ಡಬ್ಬಿ ನಿನ್ನ ಮುಂದೇನೇ ಇದೆ. ಈ ಬಿಳೀ ಚಿಕ್ಕ ಮಾತ್ರೆ, ಯೂರಿಕ್ ಆಸಿಡ್ ಮಾತ್ರೆ, ಇದೇ ತಾನೆ ಕಳ್ಳ?

ಸೊಸೆ: ಕಳ್ಳ ಅನ್ನಬೇಡಿ, ಇದು ಬಹಳ ಒಳ್ಳೇ ಔಷಧ. ಕೊಲ್ಚಿಸಿನ್. ಆದರೆ ಇದು ಯೂರಿಕ್ ಆಸಿಡ್ ಮಾತ್ರೆ ಅಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ಡನ್ನ ಇದು ಒಂದು ಚೂರೂ ಇಳಿಸಲ್ಲ.

ಮಾವ: ಮತ್ತೆ? ಇದು ತಗೊಂಡ ಮೇಲೇ ನನ್ನ ಊತ ಇಳೀತಿದ್ದಿದ್ದು. ಆ ರಾತ್ರಿಗಳು ನಿನಗೆ ಗೊತ್ತಿಲ್ಲ. ಫ್ಯಾನಿನ ಗಾಳಿ ತಾಗಿದರೂ ಹೆಬ್ಬೆರಳು ಹರಿದು ಹೋಗೋ ಹಾಗಾಗ್ತಿತ್ತು. ಹೊದಿಕೆ ಹಾಕೋ ಹಾಗಿಲ್ಲ. ಈ ಮಾತ್ರೆ ಕೊಟ್ಟವರನ್ನ ನಾನು ದೇವರು ಅಂದುಕೊಂಡೆ.

ಸೊಸೆ: ಅಂದುಕೊಂಡಿದ್ದು ತಪ್ಪಲ್ಲ. ಯೂರಿಕ್ ಆಸಿಡ್ ರಕ್ತದಲ್ಲಿ ಕರಗಿರೋಕೂ ಒಂದು ಮಿತಿ ಇದೆ, ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ. ಅದನ್ನ ದಾಟಿ ವರ್ಷಗಟ್ಟಲೆ ಹಾಗೇ ಇದ್ದರೆ ಕೀಲಿನಲ್ಲಿ ಸೂಜಿಯಂಥ ಹರಳು ಕಟ್ಟುತ್ತೆ. ಆ ಹರಳು ಕಂಡ ತಕ್ಷಣ ಬಿಳಿ ರಕ್ತಕಣಗಳು ಮುಗಿಬಿದ್ದು ಅದನ್ನ ನುಂಗೋಕೆ ಹೋಗ್ತವೆ. ಆ ಗಲಾಟೇನೇ ನಿಮ್ಮ ರಾತ್ರಿಯ ನೋವು, ಅದಕ್ಕೇ ಗೌಟ್ ಅನ್ನೋದು. ಕೊಲ್ಚಿಸಿನ್ ಹರಳಿನ ತಂಟೆಗೆ ಹೋಗಲ್ಲ, ಆ ಬಿಳಿ ಕಣಗಳನ್ನ ನಿಂತಲ್ಲೇ ನಿಲ್ಲಿಸುತ್ತೆ. ಹೆಚ್ಚೂಕಮ್ಮಿ ಪ್ರತಿ ಜೀವಕೋಶದೊಳಗೂ ಟ್ಯೂಬುಲಿನ್ ಅನ್ನೋ ಪ್ರೋಟೀನಿಂದ ಕಟ್ಟಿದ ಸಣ್ಣ ಸಣ್ಣ ನಳಿಗೆಗಳಿರುತ್ತವೆ. ಕೋಶ ಚಲಿಸೋಕೆ, ಆಕಾರ ಬದಲಿಸೋಕೆ, ಒಳಗೆ ಸಾಮಾನು ಸಾಗಿಸೋಕೆ, ಎರಡಾಗಿ ಒಡೆಯೋಕೆ ಎಲ್ಲಕ್ಕೂ ಆ ನಳಿಗೆಗಳು ಬೇಕು. ಕೊಲ್ಚಿಸಿನ್ ಟ್ಯೂಬುಲಿನ್‌ಗೆ ಅಂಟಿಕೊಂಡು ನಳಿಗೆ ಕಟ್ಟೋದನ್ನೇ ತಡೆಯುತ್ತೆ. ಬಿಳಿ ಕಣ ಮುಂದಕ್ಕೆ ಹೋಗಲಾರದು. ಊತ ಇಳಿಯುತ್ತೆ.

ಮಾವ: ಓಹೋ. ಎಲ್ಲ ಕೋಶದಲ್ಲೂ ನಳಿಗೆ ಇದೆ ಅಂದೆಯಲ್ಲ. ಹಾಗಾದ್ರೆ ತೊಡೆಯಲ್ಲೂ ಇದೆ.

ಸೊಸೆ: ನೀವು ಸರಿಯಾದ ಜಾಗಕ್ಕೇ ಬಂದ್ರಿ. ಸ್ನಾಯುವಿನ ಎಳೆ ಅಂದ್ರೆ ಬಹಳ ಉದ್ದದ ಕೋಶ. ಅದರಲ್ಲಿ ದಿನವೂ ಸವೆದು ಹೋದ ಭಾಗಗಳನ್ನ ಚೀಲದಲ್ಲಿ ಕಟ್ಟಿ ಆ ನಳಿಗೆಗಳ ಮೇಲೆ ಸಾಗಿಸಿ ಒಂದು ಕಡೆ ಕರಗಿಸಬೇಕು. ನಳಿಗೆ ಇಲ್ಲದೆ ಹೋದರೆ ಚೀಲಗಳು ಇದ್ದಲ್ಲೇ ಉಳಿದು ಗುಡ್ಡೆ ಬೀಳ್ತವೆ. ಎಳೆ ಹರಿಯಲ್ಲ, ಒಳಗೇ ತುಂಬಿಕೊಂಡು ಕೆಲಸ ನಿಲ್ಲಿಸುತ್ತೆ. ಅದಕ್ಕೇ ನಿಮಗೆ ನೋವು ಕಮ್ಮಿ, ಸೋಲು ಜಾಸ್ತಿ. ನರದಲ್ಲೂ ಅದೇ ಕಥೆ. ಪಾದದಲ್ಲಿ ಜೋಮು ಇದೆ ಅಂತೀರಲ್ಲ, ಅದು ಅದೇ.

ಮಾವ: ನಾಲ್ಕು ವರ್ಷದಿಂದ ಆಗಾಗ ತಗೊಳ್ತಿದ್ದೀನಿ. ಆಗ ಗುಡ್ಡೆ ಬೀಳಲಿಲ್ಲ. ಈಗ್ಯಾಕೆ?

ಸೊಸೆ: ಇದನ್ನ ಯಾರೂ ನಿಮಗೆ ಬಿಡಿಸಿ ಹೇಳಿಲ್ಲ ಅನ್ನೋದೇ ನನ್ನ ಸಂಕಟ. ನಿಮ್ಮ ಮನೆ ಸಂಪು ನೋಡಿ. ಕಾವೇರಿ ನೀರು ಸಣ್ಣಗೆ ಬರ್ತಾನೇ ಇರುತ್ತೆ, ಮೋಟರ್ ಮೇಲಕ್ಕೆ ಎತ್ತುತ್ತಾನೇ ಇರುತ್ತೆ, ಸಂಪು ತುಂಬಲ್ಲ. ಮೋಟರ್ ಕೆಟ್ಟರೆ ಅದೇ ಸಣ್ಣ ನೀರೇ ಸಂಪು ತುಂಬಿ ಹೊರಗೆ ಹರಿಯುತ್ತೆ. ನೀವು ನುಂಗಿದ ಕೊಲ್ಚಿಸಿನ್ ಜಾಸ್ತಿ ಆಗಲಿಲ್ಲ ಮಾವ. ಹೊರಗೆ ಹೋಗೋದು ನಿಂತಿತು.

ಮಾವ: ಯಾವ ದಾರಿಯಿಂದ ಹೊರಗೆ ಹೋಗೋದು?

ಸೊಸೆ: ಒಂದು, ಲಿವರ್ ಮತ್ತು ಕರುಳಿನಲ್ಲಿ ಸಿವೈಪಿ 3ಎ4 ಅನ್ನೋ ಕಿಣ್ವ ಇದನ್ನ ಒಡೆಯುತ್ತೆ. ಎರಡು, ಪಿ-ಗ್ಲೈಕೊಪ್ರೋಟೀನ್ ಅನ್ನೋ ಪಂಪು ಕೋಶದೊಳಗೆ ಬಂದಿದ್ದನ್ನ ಎತ್ತಿ ಹೊರಗೆ ಹಾಕುತ್ತೆ. ಮೂರನೇದು ಮೂತ್ರಪಿಂಡ. ನಿಮಗೆ ಮೂರೂ ಒಟ್ಟಿಗೆ ಕಟ್ಟಿಕೊಂಡವು. ಈ ರಟ್ಟಿನ ಪೆಟ್ಟಿಗೆ ಏನು ಹೇಳಿ?

ಮಾವ: ಗ್ಯಾಸ್ಟ್ರಿಕ್‌ಗೆ ಕೊಟ್ಟ ಕಿಟ್. ಎಂಡೋಸ್ಕೋಪಿ ಮಾಡಿ, ಹೊಟ್ಟೇಲಿ ಬ್ಯಾಕ್ಟೀರಿಯಾ ಇದೆ, 14 ದಿನ ತಪ್ಪದೆ ತಗೊಳ್ಳಿ ಅಂದರು. ತಪ್ಪದೆ ತಗೊಂಡೆ.

ಸೊಸೆ: ಪೆಟ್ಟಿಗೆ ಮೇಲೆ ಮೂರು ಹೆಸರಿದೆ. ಅದರಲ್ಲಿ ಒಂದು ಕ್ಲಾರಿಥ್ರೊಮೈಸಿನ್. ಹೊಟ್ಟೇಲಿದ್ದ ಆ ಬ್ಯಾಕ್ಟೀರಿಯಾಗೆ, ಅಂದ್ರೆ ಹೆಲಿಕೋಬ್ಯಾಕ್ಟರ್ ಪೈಲೋರಿಗೆ, ಅದು ಸರಿಯಾದ ಔಷಧವೇ. ಆದರೆ ಅದು ಆ ಕಿಣ್ವಾನೂ ಆ ಪಂಪನ್ನೂ ಎರಡನ್ನೂ ಬಿಗಿಯಾಗಿ ಕಟ್ಟಿಹಾಕುತ್ತೆ. ಕೊಲ್ಚಿಸಿನ್ ನುಂಗೋರಿಗೆ ಅದನ್ನ ಕೊಡಬಾರದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಹಳೇ ವರದಿಗಳನ್ನ ತೆಗೆದು ನೋಡಿದಾಗ, ಮಾಮೂಲಿ ಪ್ರಮಾಣದಲ್ಲೇ ಕೊಲ್ಚಿಸಿನ್ ತಗೊಂಡು ಸತ್ತವರು 117 ಜನ ಸಿಕ್ಕರು. ಅವರಲ್ಲಿ 60 ಜನ ಜತೆಗೆ ಕ್ಲಾರಿಥ್ರೊಮೈಸಿನ್ ತಗೊಳ್ತಿದ್ದವರು.

ಮಾವ: ಅಯ್ಯೋ ಶಿವನೇ. ಅರ್ಧಕ್ಕಿಂತ ಜಾಸ್ತಿ.

ಸೊಸೆ: ಹೂಂ. ನೀವು ಉಳಕೊಂಡಿದ್ದೀರಿ ಅಂತ ನಾನು ಎಷ್ಟು ಸಲ ದೇವರಿಗೆ ಕೈ ಮುಗಿದೆ ಗೊತ್ತಾ? ಇದು ಮೈಯೊಳಗೆ ಸೇರಿಕೊಂಡರೆ ಡಯಾಲಿಸಿಸ್ ಮಾಡಿದರೂ ಹೊರಗೆ ಬರಲ್ಲ.

ಮಾವ: ಇರು ಇರು. ಕಿಟ್ ಶುರು ಮಾಡಿದ ಮೇಲೆ ಭೇದಿ ಕಿತ್ಕೊಂಡಿತ್ತು. ಕಿಟ್ ಗರಮಿ ಅಂದುಕೊಂಡು ಮಜ್ಜಿಗೆ ಕುಡಿದೆ.

ಸೊಸೆ: ಅದೇ ಮೊದಲನೇ ಎಚ್ಚರಿಕೆ. ಕೊಲ್ಚಿಸಿನ್ ಮೈಯಲ್ಲಿ ಹೆಚ್ಚಾದರೆ ಮೊದಲು ಕೂಗೋದು ಕರುಳು. ವಾಂತಿ, ಭೇದಿ, ಹೊಟ್ಟೆ ನುಲಿತ. ಹಿಂದೆ ಡಾಕ್ಟರುಗಳೇ, ಭೇದಿ ಶುರುವಾಗೋ ತನಕ ಗಂಟೆಗೊಂದು ನುಂಗಿ ಅಂತ ಹೇಳ್ತಿದ್ದ ಕಾಲ ಇತ್ತು. 2010ರಲ್ಲಿ ಒಂದು ಅಧ್ಯಯನ ಬಂತು: ಆರು ಗಂಟೇಲಿ 4.8 ಮಿಲಿಗ್ರಾಂ ಕೊಟ್ಟರೂ ಒಂದೇ ಗಂಟೇಲಿ 1.8 ಮಿಲಿಗ್ರಾಂ ಕೊಟ್ಟರೂ ನೋವು ಇಳಿಯೋದು ಹೆಚ್ಚೂಕಮ್ಮಿ ಒಂದೇ ಅಂತ. ಕಡಿಮೆ ಕೊಟ್ಟವರಲ್ಲಿ ಭೇದಿ ಬಹಳ ಕಮ್ಮಿ. ಅಷ್ಟು ವರ್ಷ ಜನ ಸುಮ್ಮನೆ ಒದ್ದಾಡಿದ್ದರು.

ಮಾವ: ಮೂತ್ರಪಿಂಡ ಅಂದೆಯಲ್ಲ. ನನಗೆ ಆ ತೊಂದರೆ ಎಲ್ಲಿದೆ?

ಸೊಸೆ: ಇದೆ. ಮೂತ್ರಪಿಂಡದ ರಕ್ತಪರೀಕ್ಷೇಲಿ ಕ್ರಿಯಾಟಿನಿನ್ 1.7 ಬಂದಿದೆ, ಇರಬೇಕಾದ್ದಕ್ಕಿಂತ ಜಾಸ್ತಿ. ಬಿಪಿ ಹಳೇದು. ಅದರ ಮೇಲೆ ಹೆಬ್ಬೆರಳು ಊದಿದಾಗಲೆಲ್ಲ ಮೆಡಿಕಲ್ ಶಾಪಿಂದ ಡೈಕ್ಲೊಫೆನಾಕ್ ತಂದು ನುಂಗಿದ್ದೀರಿ. ಆ ನೋವಿನ ಮಾತ್ರೆ ಹೊಟ್ಟೆ ಕೆರೆಯಿತು, ಗ್ಯಾಸ್ಟ್ರಿಕ್ ಹೆಚ್ಚಾಯ್ತು, ಅದಕ್ಕೆ ಎಂಡೋಸ್ಕೋಪಿ, ಅದಕ್ಕೆ ಕಿಟ್. ಅದೇ ನೋವಿನ ಮಾತ್ರೆ ಮೂತ್ರಪಿಂಡಾನೂ ಸೋಲಿಸ್ತು. ಎರಡೂ ಕಡೆಯಿಂದ ಕೊಲ್ಚಿಸಿನ್ ಹೊರಗೆ ಹೋಗೋ ದಾರಿ ಕಟ್ಟಿದ ಹಾಗಾಯ್ತು. ಇನ್ನೂ ಒಂದು. ನಿಮ್ಮ ಬಿಪಿ ಮಾತ್ರೆ ಹೆಸರಿನ ಕೊನೇಲಿ ಎಚ್ ಅಂತಿದೆ ನೋಡಿ. ಅದು ಹೈಡ್ರೋಕ್ಲೋರೋಥಯಾಜೈಡ್, ಉಚ್ಚೆ ಹೆಚ್ಚಿಸೋದು. ಅದು ಯೂರಿಕ್ ಆಸಿಡ್ಡನ್ನ ಏರಿಸುತ್ತೆ.

ಮಾವ: ಅಂದ್ರೆ ಬಿಪಿ ಮಾತ್ರೆ ಯೂರಿಕ್ ಆಸಿಡ್ ಏರಿಸ್ತು, ಅದಕ್ಕೆ ಬೆರಳು ಊದಿತು, ಊತಕ್ಕೆ ನೋವಿನ ಮಾತ್ರೆ, ಅದಕ್ಕೆ ಹೊಟ್ಟೆ ಕೆಟ್ಟಿತು, ಹೊಟ್ಟೆಗೆ ಕಿಟ್, ಕಿಟ್ಟಿಗೆ ತೊಡೆ ಹೋಯ್ತು. ನಾನು ಬೋಟಿ ಗೊಜ್ಜು, ತಲೆಮಾಂಸ ಬಿಟ್ಟಿದ್ದಕ್ಕೆ ಫಲ ಏನು?

ಸೊಸೆ: ಬಿಟ್ಟಿದ್ದು ಒಳ್ಳೇದೇ. ಈಲಿ, ಬೋಟಿ, ಬಿಯರು ಇವು ಏರಿಸೋದು ನಿಜ. ಆದರೆ ಊಟ ಒಂದರಿಂದ ಇಳಿಯೋದು ಸ್ವಲ್ಪ. ನಮ್ಮ ಜನ ಸೊಪ್ಪಿನ ಸಾರನ್ನೂ ಬಿಟ್ಟು ಕೂರ್ತಾರೆ, ಡಬ್ಬೀಲಿರೋ ಮಾತ್ರೆ ಕಡೆ ನೋಡಲ್ಲ. ಇನ್ನೊಂದು ಕಡೆ ಈ ಕೊಬ್ಬಿನ ಮಾತ್ರೆ, ಅಟೊರ್ವಸ್ಟಾಟಿನ್. ಅದೂ ಅದೇ ಕಿಣ್ವದಿಂದಲೇ ಕರಗಬೇಕಾದ್ದು, ಅದೂ ಅಪರೂಪಕ್ಕೆ ಸ್ನಾಯುವಿಗೇ ಏಟು ಕೊಡೋದು. ಕಿಟ್ ಬಂದ ಮೇಲೆ ಅದರ ಮಟ್ಟಾನೂ ಏರಿತು.

ಮಾವ: ಹಾಗಾದ್ರೆ ಕೊಬ್ಬಿನ ಮಾತ್ರೆ, ಗೌಟ್ ಮಾತ್ರೆ ಎರಡನ್ನೂ ಒಟ್ಟಿಗೆ ಯಾರೂ ತಗೋಬಾರದು ಅನ್ನು.

ಸೊಸೆ: ಹಾಗೆ ಹೇಳಿದರೆ ಸುಳ್ಳಾಗುತ್ತೆ. 2020ರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇದ್ದ 5,522 ಜನರಿಗೆ ದಿನಕ್ಕೆ 0.5 ಮಿಲಿಗ್ರಾಂ ಕೊಲ್ಚಿಸಿನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು, ಆಸ್ಟ್ರೇಲಿಯಾ ಮತ್ತು ನೆದರ್ಲೆಂಡ್ಸ್‌ನಲ್ಲಿ. ಕೊಲ್ಚಿಸಿನ್ ತಗೊಂಡವರಲ್ಲಿ ಹೃದಯಾಘಾತದಂಥ ಘಟನೆಗಳು ಮೂರನೇ ಒಂದು ಪಾಲಿನಷ್ಟು ಕಮ್ಮಿ. ಅವರಲ್ಲಿ ಹೆಚ್ಚಿನವರು ಸ್ಟಾಟಿನ್ ಗುಂಪಿನ ಕೊಬ್ಬಿನ ಮಾತ್ರೆ ತಗೊಳ್ತಿದ್ದವರೇ. ಮೂತ್ರಪಿಂಡ ಚೆನ್ನಾಗಿದ್ದರೆ, ದಾರಿ ಕಟ್ಟೋ ಮೂರನೇ ಔಷಧ ಬರದಿದ್ದರೆ ಬಹಳಷ್ಟು ಜನಕ್ಕೆ ಏನೂ ಆಗಲ್ಲ. ನನಗಿರೋ ಭಯ ಬೇರೆ. ಇನ್ನು ಮುಂದೆ ಹೃದಯಕ್ಕೂ ಅಂತ ಇದನ್ನ ತಗೊಳ್ಳೋರು ಹೆಚ್ಚುತ್ತಾರೆ, 2023ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿದೆ. ಅಷ್ಟೂ ಜನ ಮುಂದೆ ಯಾವತ್ತೋ ಕೆಮ್ಮಿಗೋ ಹೊಟ್ಟೆಗೋ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗೋರೇ.

ಮಾವ: ಆ ಡಾಕ್ಟರು ಕೇಳಬೇಕಿತ್ತಲ್ಲ, ಬೇರೆ ಏನು ತಗೊಳ್ತೀಯಾ ಅಂತ.

ಸೊಸೆ: ಕೇಳಿದರಾ?

ಮಾವ: ಕೇಳಿದರು. ಬಿಪಿ ಮಾತ್ರೆ ಅಂದೆ. ಇದನ್ನ ಹೇಳಬೇಕು ಅಂತ ಹೊಳೀಲಿಲ್ಲ. ಹೊರಗೆ ಮೂವತ್ತು ಜನ ಕಾಯ್ತಾ ಕೂತಿದ್ದರು. ಹೊಟ್ಟೆ ಡಾಕ್ಟರ ಹತ್ತಿರ ಕಾಲುಬೆರಳಿನ ಮಾತು ಯಾಕೆ ಎತ್ತಲಿ?

ಸೊಸೆ: ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾಗೇ ಯೋಚಿಸ್ತಿದ್ದರು. ಬಿಪಿ ಒಬ್ಬರು, ಮೂಳೆ ಒಬ್ಬರು, ಹೊಟ್ಟೆ ಇನ್ನೊಬ್ಬರು. ಮೂರೂ ಚೀಟಿ ಒಟ್ಟಿಗೆ ಇಟ್ಟು ನೋಡೋ ಕಣ್ಣು ಒಂದೂ ಇಲ್ಲ. ಇದ್ದಿದ್ದರೆ ಅದು ಮೆಡಿಕಲ್ ಶಾಪಲ್ಲಿ ಇರಬೇಕಿತ್ತು. ಅಲ್ಲಿ ಏನಾಗುತ್ತೆ ಅಂತ ತೋರಿಸ್ತೀನಿ. ಈ ಸ್ಟ್ರಿಪ್ ತಗೊಳ್ಳಿ. ಹತ್ತು ಮಾತ್ರೆ ಪಟ್ಟಿ. ನಿಮಗೆ ಬೇಕಿದ್ದು ನಾಲ್ಕು, ಕತ್ತರೀಲಿ ಕತ್ತರಿಸಿ ಕೊಟ್ಟಿದ್ದಾರೆ. ಹೆಸರು ಇದ್ದ ಭಾಗ ಅಂಗಡೀಲೇ ಉಳೀತು. ನಿಮ್ಮ ಕೈಲಿರೋ ತುಂಡಲ್ಲಿ ಏನಿದೆ ಓದಿ.

ಮಾವ: ಕನ್ನಡಕ ಕೊಡು. 'ಸಿನ್' ಅಂತ ಅರ್ಧ. ಇನ್ನರ್ಧ ಕತ್ತರಿಸಿದ ಅಂಚಲ್ಲಿ. ಹಿಂದೆ ಬರೀ ಬೆಳ್ಳಿ ಬಣ್ಣ.

ಸೊಸೆ: ಕೊಲ್ಚಿಸಿನ್ ಕೊನೆಗೂ ಸಿನ್, ಕ್ಲಾರಿಥ್ರೊಮೈಸಿನ್ ಕೊನೆಗೂ ಸಿನ್. ಅವಧಿ ಮುಗಿಯೋ ತಾರೀಕಿಲ್ಲ, ಬ್ಯಾಚ್ ಇಲ್ಲ. ಅದನ್ನ ಕಾಗದದ ಕವರಲ್ಲಿ ಹಾಕಿ ಮೇಲೆ 1-0-1 ಅಂತ ಬರೆದುಬಿಟ್ಟರೆ ಆಯ್ತು. ಈ ಕವರ್ ತಗೊಂಡು ಎಂಥ ದೊಡ್ಡ ಡಾಕ್ಟರ ಹತ್ತಿರ ಹೋದರೂ ಅವರಿಗೆ ಏನು ತಿಳಿಯಬೇಕು? ನಾಲ್ಕೇ ಮಾತ್ರೆ ಕೊಂಡರೂ ಹೆಸರಿರೋ ಕಡೆಯಿಂದಲೇ ಕೊಡಿ ಅಂತ ಕೇಳಬೇಕು. ಆಗಲ್ಲ ಅಂದರೆ ಮೊಬೈಲಲ್ಲಿ ಇಡೀ ಸ್ಟ್ರಿಪ್ಪಿನ ಫೋಟೋ ತಗೊಂಡು ಬರಬೇಕು. ಚೀಟಿ ಇಲ್ಲದೆ ಕೊಲ್ಚಿಸಿನ್ ಮಾರೋ ಹಾಗೇ ಇಲ್ಲ ಕಾನೂನಲ್ಲಿ. ಆದರೂ ನೀವು ಹಳೇ ಕವರ್ ತೋರಿಸಿದರೆ ಸಾಕು, ಕೊಡ್ತಾರೆ.

ಮಾವ: ಕೊಡದಿದ್ದರೆ ಆ ನೋವಿನ ರಾತ್ರೀಲಿ ನಾನು ಎಲ್ಲಿ ಹೋಗಲಿ? ಅದನ್ನೂ ಯೋಚನೆ ಮಾಡು. ಪೀಣ್ಯದಲ್ಲಿ ಶಿಫ್ಟ್ ಮಾಡೋ ಹುಡುಗರು ಒಂದು ದಿನ ರಜ ಹಾಕಿದರೆ ಸಂಬಳ ಹೋಗುತ್ತೆ. ಅವರಿಗೆ ಡಾಕ್ಟರು ಅಂದ್ರೆ ಮೆಡಿಕಲ್ ಶಾಪೇ.

ಸೊಸೆ: ಗೊತ್ತು ಮಾವ. ಅದಕ್ಕೇ ನಾನು ಅಂಗಡಿಯವರ ಮೇಲೆ ಎಗರಾಡಲ್ಲ. ಅಲ್ಲಿ ಓದಿದ ಫಾರ್ಮಸಿಸ್ಟ್ ನಿಂತು, ಬೇರೆ ಏನು ನುಂಗ್ತಿದ್ದೀರಿ ಅಂತ ಒಂದು ಪ್ರಶ್ನೆ ಕೇಳಿದರೂ ಎಷ್ಟೋ ಜನದ ತೊಡೆ ಉಳೀತಿತ್ತು. ಗಲ್ಲಾ ಮೇಲಿನ ಲೈಸೆನ್ಸಿನಲ್ಲಿ ಫೋಟೋ ಇದೆ. ಆ ಮನುಷ್ಯ ಅಲ್ಲಿರಬೇಕು ಅನ್ನೋದಷ್ಟೇ ನಾನು ಕೇಳೋದು.

ಮಾವ: ಆಸ್ಪತ್ರೇಲಿ ಮೊದಲು ನನಗೆ ಲಿವರ್ ತೊಂದರೆ ಅಂದರು. ಕುಡೀತೀಯಾ ಅಂತ ಮೂರು ಸಲ ಕೇಳಿದರು. ನಿಮ್ಮತ್ತೆ ಮುಂದೇನೇ. ಅವಳು ಮನೆಗೆ ಬಂದು ನೆಲನೆಲ್ಲಿ ಅರೆದು ಕುಡಿಸಿದಳು.

ಸೊಸೆ: ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನೋ ಕಿಣ್ವಗಳು ಏರಿದ್ದವು, ಅದಕ್ಕೆ. ಅವು ಲಿವರಲ್ಲಿ ಮಾತ್ರ ಇರೋದಲ್ಲ, ಸ್ನಾಯುವಲ್ಲೂ ಇರುತ್ತವೆ. ಸ್ನಾಯು ಕೆಟ್ಟಾಗಲೂ ರಕ್ತಕ್ಕೆ ಬರ್ತವೆ. ಆಮೇಲೆ ಯಾರೋ ಪುಣ್ಯಾತ್ಮರು ಸಿಪಿಕೆ ಅನ್ನೋ ಸ್ನಾಯುವಿನ ಕಿಣ್ವದ ಪರೀಕ್ಷೆ ಬರೆದುಕೊಟ್ಟರು. ಇನ್ನೂರರ ಆಸುಪಾಸು ಇರಬೇಕಾದ್ದು ನಿಮಗೆ 2,600 ಇತ್ತು. ಆಗ ಲಿವರ್ ಬಿಟ್ಟು ಸ್ನಾಯು ಕಡೆ ತಿರುಗಿದರು. ಆ ಒಂದು ರಕ್ತಪರೀಕ್ಷೆ ಬರೆಯೋಕೆ ಹೊಳೆದವರಿಗೆ ನಾವು ಋಣಿ.

ಮಾವ: ಅದಾದ ಮೇಲೂ ನಿಮ್ಹಾನ್ಸ್‌ಗೆ ಹೋಗಿ, ತೊಡೆಯಿಂದ ಚೂರು ಮಾಂಸ ತೆಗೆದು ನೋಡಿಸಬೇಕಾಗಬಹುದು ಅಂದರು. ಅದಕ್ಕೆ ನಾನು ಬೆವತುಹೋದೆ.

ಸೊಸೆ: ಅವರು ಹಾಗೆ ಯೋಚಿಸಿದ್ದಕ್ಕೂ ಕಾರಣ ಇದೆ. ಪಾಲಿಮಯೋಸೈಟಿಸ್ ಅಂತ ಒಂದು ಸ್ನಾಯು ರೋಗ ಇದೆ, ದೇಹವೇ ತನ್ನ ಸ್ನಾಯುವಿನ ಮೇಲೆ ಬೀಳೋದು. ಅದರಲ್ಲೂ ತೊಡೆ ಭುಜ ಸೋಲ್ತವೆ, ಅದರಲ್ಲೂ ಸಿಪಿಕೆ ಏರುತ್ತೆ. ಅದಕ್ಕೆ ತಿಂಗಳುಗಟ್ಟಲೆ ಸ್ಟೆರಾಯ್ಡ್ ಕೊಡಬೇಕು. 1987ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ರಾಲ್ಫ್ ಕುಂಕಲ್ ಮತ್ತು ಜತೆಗಾರರು ಇಂಥ 12 ರೋಗಿಗಳ ಬಗ್ಗೆ ಬರೆದರು. ಎಲ್ಲರೂ ಗೌಟಿಗೆ ಮಾಮೂಲಿ ಪ್ರಮಾಣದಲ್ಲೇ ಕೊಲ್ಚಿಸಿನ್ ತಗೊಳ್ತಿದ್ದವರು, ಮೂತ್ರಪಿಂಡ ಸ್ವಲ್ಪ ಸೋತಿದ್ದವರು. ಅವರ ರೋಗವನ್ನ ಮೊದಲು ಪಾಲಿಮಯೋಸೈಟಿಸ್ ಅಂತಲೋ ಮೂತ್ರಪಿಂಡದ ನರದೋಷ ಅಂತಲೋ ತಿಳಿದಿದ್ದರು. ಸ್ನಾಯುವಿನ ಚೂರನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತ ಕಾಣಲಿಲ್ಲ, ಎಳೆಯೊಳಗೆ ಆ ಚೀಲಗಳ ಗುಡ್ಡೆ ಕಾಣಿಸ್ತು. ಮಾತ್ರೆ ನಿಲ್ಲಿಸಿದರು, ಮೂರು ನಾಲ್ಕು ವಾರದಲ್ಲಿ ಕಸುವು ವಾಪಸ್ ಬಂತು. ಆ ಲೇಖನ ಬಂದ ಮೇಲೇ ಡಾಕ್ಟರುಗಳಿಗೆ ಈ ರೋಗದ ಗುರುತು ಚೆನ್ನಾಗಿ ಸಿಕ್ಕಿದ್ದು. ಅಷ್ಟರೊಳಗೆ ಎಷ್ಟು ಜನ ವಯಸ್ಸಾಯ್ತು ಅನ್ನಿಸಿಕೊಂಡು ಮೂಲೆ ಸೇರಿದ್ದರೋ.

ಮಾವ: ಮೂರು ನಾಲ್ಕು ವಾರ. ನನ್ನದೂ ಹಾಗೇ ಅಂತೀಯಾ?

ಸೊಸೆ: ಸಿಪಿಕೆ ಇಳೀತಿದೆ. ಮೊನ್ನೆ ಕುರ್ಚಿಯಿಂದ ಕೈ ಊರದೆ ಎದ್ದಿರಿ ಅಂತ ಅತ್ತೆ ಫೋನಲ್ಲಿ ಹೇಳಿದರು. ತೊಡೆ ಬೇಗ ಬರುತ್ತೆ. ಪಾದದ ಜೋಮು ನಿಧಾನ, ತಿಂಗಳುಗಳೇ ಬೇಕಾಗಬಹುದು. ನರ ಬೇಗ ಕೇಳೋದಿಲ್ಲ.

ಮಾವ: ನಿಮ್ಮತ್ತೆ ಒಂದು ವಿಷಯ ಹೇಳಿದಳು. ಈ ಮಾತ್ರೆ ಹೂವಿಂದ ಮಾಡ್ತಾರಂತೆ, ಅವಳ ತವರು ತೀರ್ಥಹಳ್ಳಿ ಕಡೆ ಬೇಲೀಲಿ ಬೆಳೆಯೋ ಗೌರಿ ಹೂವಂತೆ. ನಿಜಾನಾ?

ಸೊಸೆ: ನಿಜ. ಕೆಂಪು ಹಳದಿ ಎಸಳು ಬೆಂಕಿ ನಾಲಗೆ ಥರ ಮೇಲಕ್ಕೆ ಸುರುಳಿಕೊಂಡಿರುತ್ತೆ, ಎಲೆ ತುದಿಯಿಂದಲೇ ಬಳ್ಳಿ ಹಿಡಕೊಂಡು ಹತ್ತುತ್ತೆ. ಅಗ್ನಿಶಿಖೆ ಅಂತಲೂ ಕರೀತಾರೆ. ಮಳೆಗಾಲದ ಕೊನೆಗೆ ಅರಳೋದರಿಂದ ಮಲೆನಾಡಲ್ಲಿ ಗೌರಿ ಹಬ್ಬಕ್ಕೆ ಅದೇ ಹೂ. ಗೆಡ್ಡೆ, ಬೀಜ, ಎಲ್ಲದರಲ್ಲೂ ಕೊಲ್ಚಿಸಿನ್ ಇದೆ. ಯುರೋಪಲ್ಲಿ ಇದನ್ನ ಬೇರೆ ಗಿಡದಿಂದ ತೆಗೀತಿದ್ದರು, ಕೊಲ್ಚಿಕಮ್ ಅಂತ. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕವೆಂತೂ ಅದರಿಂದ ಈ ಸತ್ವ ಬೇರೆ ಮಾಡಿದರು. ಇವತ್ತು ತಮಿಳುನಾಡಿನ ಧಾರಾಪುರ, ಮೂಲನೂರು ಕಡೆ ರೈತರು ಕಂಬಿ ಚಪ್ಪರ ಹಾಕಿ ನಮ್ಮ ಗೌರಿ ಹೂವನ್ನೇ ಬೆಳೀತಾರೆ, ಹೂವಿಗಲ್ಲ, ಬೀಜಕ್ಕೆ. ಬೀಜ ಔಷಧ ಕಂಪನಿಗಳಿಗೆ ಹೋಗುತ್ತೆ. ಅದು ಆ ರಾಜ್ಯದ ಹೂವೂ ಹೌದು.

ಮಾವ: ಅವರಜ್ಜಿ ಮಕ್ಕಳಿಗೆ ಹೇಳ್ತಿದ್ದರಂತೆ, ಹೂ ಕಿತ್ತರೆ ಕೈ ತೊಳಕೊಳ್ಳಿ, ಗೆಡ್ಡೆ ಮುಟ್ಟಬೇಡಿ ಅಂತ.

ಸೊಸೆ: ಅಜ್ಜಿ ಸರಿಯಾಗೇ ಹೇಳಿದ್ದಾರೆ. ಆ ಗೆಡ್ಡೇನ ಗೆಣಸು ಅಂದುಕೊಂಡು ಬೇಯಿಸಿ ತಿಂದು ಸತ್ತವರಿದ್ದಾರೆ. ಆಯುರ್ವೇದದಲ್ಲಿ ಅದಕ್ಕೆ ಲಾಂಗಲಿ ಅಂತ ಹೆಸರು, ಉಪವಿಷಗಳ ಪಟ್ಟೀಲಿದೆ, ಶುದ್ಧಿ ಮಾಡದೆ ಬಳಸೋ ಹಾಗಿಲ್ಲ. ಯುನಾನಿಯವರ ಸುರಂಜಾನ್ ಅಂದ್ರೂ ಕೊಲ್ಚಿಕಮ್ಮೇ; ಕೀಲುನೋವಿಗೆ ಕೊಡೋ ಎಷ್ಟೋ ಲೇಹ್ಯ, ಗುಳಿಗೆಗಳಲ್ಲಿ ಅದಿರುತ್ತೆ. ಅದಕ್ಕೇ ಕೇಳ್ತಿದ್ದೀನಿ, ನಿಜ ಹೇಳಿ, ಸಂತೇಲಿ, ಬಸ್ ಸ್ಟ್ಯಾಂಡಲ್ಲಿ, ಯಾರಾದರೂ ಕೊಟ್ಟ ಗಿಡಮೂಲಿಕೆ ಪುಡಿ ಏನಾದರೂ?

ಮಾವ: ಇಲ್ಲ ಕಣಮ್ಮ. ದೇವನಹಳ್ಳಿಯಿಂದ ನಿಮ್ಮಣ್ಣ ಚಕ್ಕೋತ ತಂದುಕೊಟ್ಟಿದ್ದ, ಅದೊಂದು ತಿಂದೆ. ಹಣ್ಣು ಒಳ್ಳೇದಲ್ವಾ?

ಸೊಸೆ: ಒಳ್ಳೇದೇ, ಆದರೆ ನಿಮಗೆ ಅಲ್ಲ, ಸದ್ಯಕ್ಕೆ. ಕೊಲ್ಚಿಸಿನ್ ಜತೆ ಗ್ರೇಪ್‌ಫ್ರೂಟ್ ರಸ ಬೇಡ ಅಂತ ಔಷಧದ ಕಾಗದದಲ್ಲೇ ಅಚ್ಚು ಹಾಕಿರ್ತಾರೆ, ಅದು ಆ ಕಿಣ್ವವನ್ನ ತಡೆಯುತ್ತೆ ಅಂತ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಬೆರೆತು. ಆ ಕಾಗದದಲ್ಲಿ ಚಕ್ಕೋತದ ಹೆಸರಿಲ್ಲ, ದೇವನಹಳ್ಳಿ ಅವರಿಗೆ ಗೊತ್ತಿಲ್ಲ. ನಮ್ಮ ಕಡೆ ಡಾಕ್ಟರು ಇದನ್ನ ಕೇಳಬೇಕು, ನಾವು ಹೇಳಬೇಕು.

ಮಾವ: ಈಗ ಮುಂದಿನ ಮಾತು. ಬೆರಳು ಮತ್ತೆ ಊದೇ ಊದುತ್ತೆ. ಆವಾಗ? ಈ ಮಾತ್ರೆ ಇಲ್ಲ, ಡೈಕ್ಲೊ ಇಲ್ಲ. ಪಂಚೆ ಕಚ್ಚಿಕೊಂಡು ಮಲಗಲಾ?

ಸೊಸೆ: ಬೇಡ. ಮೂತ್ರಪಿಂಡ ಸೋತವರಿಗೆ ಕೆಲವು ದಿನದ ಸ್ಟೆರಾಯ್ಡ್ ಕೊಟ್ಟು ಊತ ಇಳಿಸ್ತಾರೆ, ಡಾಕ್ಟರ ಕಣ್ಣಳತೇಲಿ. ಮಂಜುಗಡ್ಡೆ ಬಟ್ಟೇಲಿ ಸುತ್ತಿ ಇಡಬಹುದು. ನಿಜವಾದ ಕೆಲಸ ಆಗಬೇಕಿರೋದು ಬೇರೆ: ಯೂರಿಕ್ ಆಸಿಡ್ಡನ್ನ ಆರರ ಕೆಳಗೆ ಇಳಿಸಿ ಅಲ್ಲೇ ಇಡೋದು. ಆಗ ಇರೋ ಹರಳೂ ನಿಧಾನಕ್ಕೆ ಕರಗುತ್ತೆ. ಅಲೊಪ್ಯುರಿನಾಲ್ ಚಿಕ್ಕ ಪ್ರಮಾಣದಿಂದ ಶುರು ಮಾಡಿ ಏರಿಸ್ತಾರೆ. ಅದಕ್ಕೂ ಒಂದು ಎಚ್ಚರಿಕೆ ಇದೆ, ಶುರು ಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಬಿಪಿ ಮಾತ್ರೇಲಿರೋ ಆ ಎಚ್ ಬದಲಾಯಿಸೋಕೆ ಆಗುತ್ತಾ ಅಂತ ನಾನು ಬಂದು ಡಾಕ್ಟರನ್ನ ಕೇಳ್ತೀನಿ. ಲೊಸಾರ್ಟನ್ ಅನ್ನೋ ಬಿಪಿ ಮಾತ್ರೆ ಯೂರಿಕ್ ಆಸಿಡ್ಡನ್ನ ಸ್ವಲ್ಪ ಇಳಿಸುತ್ತೆ ಕೂಡ. ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ, ಯಾವುದನ್ನೂ ಸೇರಿಸಬೇಡಿ.

ಮಾವ: ಅಂದ್ರೆ ಇಷ್ಟು ವರ್ಷ ನಾನು ಬೆಂಕಿ ಆರಿಸ್ತಿದ್ದೆ, ಸೌದೆ ಹಾಗೇ ಇತ್ತು.

ಸೊಸೆ: ಹಾಗೇ. ಈಗ ಇದನ್ನ ಬರೆದುಬಿಡೋಣ. ಇದು ಔಷಧದ ಅಡ್ಡಪರಿಣಾಮ ತಿಳಿಸೋ ನಮೂನೆ, ಕನ್ನಡದಲ್ಲೇ ಇದೆ. 2010ರಿಂದ ಕೇಂದ್ರ ಸರ್ಕಾರ ಇಂಥ ವರದಿ ಸೇರಿಸೋ ಕಾರ್ಯಕ್ರಮ ನಡೆಸ್ತಿದೆ, ಗಾಜಿಯಾಬಾದಿನಲ್ಲಿ ಇದರ ಮುಖ್ಯ ಕಚೇರಿ. ರೋಗಿಯೇ ತುಂಬಿ ಕಳಿಸಬಹುದು, ಇಲ್ಲಾಂದ್ರೆ 1800-180-3024ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ನಮ್ಮ ಬೆಂಗಳೂರು ಮೆಡಿಕಲ್ ಕಾಲೇಜು, ಮೈಸೂರಿನ ಜೆಎಸ್‌ಎಸ್‌ನಂಥ ಕಡೆ ಇದಕ್ಕೇ ಅಂತ ಕೇಂದ್ರಗಳಿವೆ.

ಮಾವ: ಬರೆದರೆ ಆ ಡಾಕ್ಟರಿಗೆ ತೊಂದರೆ ಆಗುತ್ತಾ? ಒಳ್ಳೇ ಮನುಷ್ಯ ಅವರು. ಹೊಟ್ಟೆ ವಾಸಿ ಮಾಡಿದರು.

ಸೊಸೆ: ಇಲ್ಲ. ಇದು ದೂರಲ್ಲ, ಯಾರಿಗೂ ಶಿಕ್ಷೆ ಮಾಡೋಕಲ್ಲ. ನಿಮ್ಮ ಹೆಸರೂ ಹೊರಗೆ ಬರಲ್ಲ. ಇಂಥ ವರದಿಗಳನ್ನ ಜೋಡಿಸಿ ನೋಡಿದಾಗಲೇ 2009ರಲ್ಲಿ ಆ 60 ಜನ ಕಣ್ಣಿಗೆ ಬಿದ್ದಿದ್ದು. ನಮ್ಮ ಊರಿನವರು ಬರೆಯದೇ ಇದ್ದರೆ ನಮ್ಮ ಊರಿನ ತೊಡೆಗಳು ಯಾವ ಲೆಕ್ಕಕ್ಕೂ ಬರಲ್ಲ. ಹೇಳಿ, ಕಿಟ್ ಶುರು ಮಾಡಿದ್ದು ಯಾವತ್ತು?

ಮಾವ: ಚೀಟೀಲಿ ತಾರೀಕಿದೆ ನೋಡು. ಅವತ್ತು ಸಂಜೇನೇ ಶುರು ಮಾಡಿದೆ.

ಸೊಸೆ: ಕೊಲ್ಚಿಸಿನ್ ದಿನಕ್ಕೆ ಎಷ್ಟು?

ಮಾವ: ಬೆಳಿಗ್ಗೆ ಒಂದು, ರಾತ್ರಿ ಒಂದು.

ಸೊಸೆ: ಕಂಪನಿ, ಬ್ಯಾಚ್ ನಂಬರ್?

ಮಾವ: ಅದು ಅಂಗಡಿಯವನ ಕತ್ತರಿ ಆಚೆ ಉಳೀತಲ್ಲಮ್ಮ.

ಸೊಸೆ: ಸರಿ, ಅದನ್ನ ಖಾಲಿ ಬಿಡ್ತೀನಿ, ಉಳಿದದ್ದು ಸಾಕು. ಬೇರೆ ಔಷಧಗಳು ಅಂತ ಇದೆ, ಡಬ್ಬಿ ಈ ಕಡೆ ತಳ್ಳಿ. ಒಂದೊಂದಾಗಿ ಓದ್ತಾ ಹೋಗ್ತೀನಿ, ಯಾವುದನ್ನ ಯಾರು ಕೊಟ್ಟರು, ಯಾವಾಗಿಂದ ಅಂತ ಹೇಳ್ತಾ ಬನ್ನಿ. ಇದೇ ಪಟ್ಟೀನ ಇನ್ನೊಂದು ಹಾಳೇಲೂ ಬರೀತೀನಿ. ಅದು ನಿಮ್ಮ ಅಂಗಿ ಜೇಬಿಗೆ, ಮುಂದಿನ ಸಲ ಯಾವ ಡಾಕ್ಟರ ಮುಂದೆ ಕೂತರೂ ಮೊದಲು ಅದನ್ನ ಮೇಜಿನ ಮೇಲೆ ಇಡೋದು. ಕಾಲುಬೆರಳಿನ ಮಾತು ಹೊಟ್ಟೆ ಡಾಕ್ಟರಿಗೂ ಬೇಕು.